ಹಡಗು ಕಟ್ಟುವವರ ಊರಲ್ಲಿ ಅಪ್ಪನ ಜೊತೆ ಒಂದು ದಿನ

ಇಟಲಿಯ ಟಸ್ಕನಿಗೆ ಬರುವ ನಮ್ಮವರು ಸಾಮಾನ್ಯವಾಗಿ ಪೀಸಾದ ವಾಲುಗೋಪುರ ನೋಡುತ್ತಾರೆ, ಅದಕ್ಕೆ ಕೈ ಆನಿಸಿ ನಿಂತ ಹಾಗೆ ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ, ಸಂಜೆಯೊಳಗೆ ಫ್ಲಾರೆನ್ಸ್ ರೈಲು ಹತ್ತಿಬಿಡುತ್ತಾರೆ. ಸಮುದ್ರ ನೋಡಲೇಬೇಕು ಅನ್ನುವವರು ಚಿಂಕ್ವೆ ತೆರೆಗೆ ಹೋಗುತ್ತಾರೆ. ಪೀಸಾದಿಂದ ರೈಲಲ್ಲಿ ಇಪ್ಪತ್ತೇ ನಿಮಿಷ ದೂರದ ವಿಯಾರೆಜ್ಜೊದಲ್ಲಿ ಇಳಿಯುವವರು ಬಹಳ ಕಡಿಮೆ. ನಾನು ಪೀಸಾದಲ್ಲೇ ಇರುವುದರಿಂದ ಆಗಾಗ ಹೋಗುತ್ತಿರುತ್ತೇನೆ. ಆ ಊರು ಅಂದರೆ ನನಗೆ ಪ್ರಾಣ. ಪೊರ್ತೊಫಿನೊ, ಮೊನಾಕೊ ಥರದ ಊರುಗಳಿಗೆ ಯಾಟ್‌ಗಳು, ಅಂದರೆ ಸಿರಿವಂತರ ವಿಹಾರ ನೌಕೆಗಳು, ಬಂದು ನಿಲ್ಲುತ್ತವೆ ಅಷ್ಟೆ. ವಿಯಾರೆಜ್ಜೊದಲ್ಲಿ ಅವು ಹುಟ್ಟುತ್ತವೆ. ಹಳತಾದರೆ, ಪೆಟ್ಟು ಬಿದ್ದರೆ, ಬಣ್ಣ ಮಾಸಿದರೆ ಮತ್ತೆ ಅಲ್ಲಿಗೇ ಬರುತ್ತವೆ.

ಅಕ್ಟೋಬರಿನಲ್ಲಿ ಅಪ್ಪ ಅಮ್ಮ ಬಂದಿದ್ದರು. ಅಮ್ಮನಿಗೆ ಮೊಮ್ಮಗಳನ್ನು ಬಿಟ್ಟು ಕದಲುವ ಮನಸ್ಸಿಲ್ಲ. ಅಪ್ಪ ಮಾತ್ರ ಮನೆಯಲ್ಲಿ ಕೂತಿರಲಾರದೆ ನಮ್ಮ ಅಡುಗೆಮನೆಯ ಬಾಗಿಲು, ಕಪಾಟು, ಮೇಜಿನ ಕಾಲು ಎಲ್ಲ ಪರೀಕ್ಷೆ ಮಾಡಿ ಮುಗಿಸಿದ್ದರು. ಅಪ್ಪ ಬಡಗಿ. ಜೀವನಪೂರ್ತಿ ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಮಾಡಿದವರು. ಅವರಿಗೆ ಚರ್ಚು, ಮ್ಯೂಸಿಯಂ ಎಲ್ಲ ಎರಡು ದಿನಕ್ಕೆ ಸಾಕಾಗಿತ್ತು. "ಇಲ್ಲಿ ಮರದ ಕೆಲಸ ಮಾಡೋರು ಯಾರೂ ಇಲ್ವಾ ಮಗಾ?" ಅಂತ ಕೇಳಿದರು. ಅವತ್ತೇ ನಿರ್ಧಾರ ಆಯಿತು, ಅಪ್ಪನನ್ನು ವಿಯಾರೆಜ್ಜೊಗೆ ಕರೆದುಕೊಂಡು ಹೋಗಬೇಕು ಅಂತ.

ವಾರದ ಮಧ್ಯದ ದಿನ. ಎಂಟರ ಮೇಲಿನ ರೈಲು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಗೋಪುರದ ಹತ್ತಿರ ಉಳಿದುಕೊಂಡವರಿಗೆ ಸಾನ್ ರೊಸ್ಸೊರೆ ನಿಲ್ದಾಣವೇ ಹತ್ತಿರ. ಸೆರ್ಕಿಯೊ ನದಿ ದಾಟಿದ ಮೇಲೆ ಪೈನ್ ತೋಪುಗಳು ಶುರು. ಸಣ್ಣ ಕಾಂಡ, ಮೇಲೆ ಕೊಡೆ ಬಿಚ್ಚಿದ ಹಾಗೆ ಹಸಿರು. ಬಲಗಡೆ ದೂರದಲ್ಲಿ ಅಪುವಾನ್ ಬೆಟ್ಟಸಾಲು, ಅದರ ಮೈಮೇಲೆ ಬೆಳ್ಳಗಿನ ಪಟ್ಟೆಗಳು. "ಹಿಮ ಬಿದ್ದಿದೆಯಾ?" ಅಂದರು ಅಪ್ಪ. ಅದು ಹಿಮ ಅಲ್ಲ, ಅಮೃತಶಿಲೆ. ಕರ್ರಾರಾದ ಗಣಿಗಳ ಬಿಳಿ ಪುಡಿ, ಕಲ್ಲು ಇಳಿಜಾರಿನಲ್ಲಿ ಸುರಿದು ಹಾಗೆ ಕಾಣುತ್ತವೆ. ಆ ಕಲ್ಲು ಕೂಡ ಹಿಂದೆ ಈ ಕರಾವಳಿಯ ಹಾಯಿ ಹಡಗುಗಳಲ್ಲೇ ಜಗತ್ತಿಗೆ ಹೋಗುತ್ತಿತ್ತು.

ವಿಯಾರೆಜ್ಜೊ ನಿಲ್ದಾಣದ ಬಗ್ಗೆ ಒಂದು ಮಾತು ಹೇಳಲೇಬೇಕು. 2009ರ ಜೂನ್ 29ರ ರಾತ್ರಿ ಇಲ್ಲಿ ಅಡುಗೆ ಅನಿಲ ಹೊತ್ತ ಗೂಡ್ಸ್ ರೈಲು ಹಳಿ ತಪ್ಪಿ, ಟ್ಯಾಂಕರ್ ಒಡೆದು, ಅನಿಲ ಪಕ್ಕದ ಬೀದಿಯ ಮನೆಗಳಿಗೆ ನುಗ್ಗಿ ಹೊತ್ತಿಕೊಂಡಿತು. 32 ಜನ ಸತ್ತರು. ಹೆಚ್ಚಿನವರು ವಿಯಾ ಪೊಂಕಿಯೆಲ್ಲಿ ಅನ್ನುವ ಆ ಬೀದಿಯಲ್ಲಿ ಮಲಗಿದ್ದವರು. ಊರಿನವರು ಆ ರಾತ್ರಿಯನ್ನು ಇವತ್ತಿಗೂ ಮರೆತಿಲ್ಲ. ಬರುವವರಿಗೂ ಗೊತ್ತಿರಬೇಕು ಅನ್ನಿಸುತ್ತದೆ ನನಗೆ.

ನಿಲ್ದಾಣದಿಂದ ನೇರವಾಗಿ ನಡೆದರೆ ಕಾಲು ಗಂಟೆಯಲ್ಲಿ ಸಮುದ್ರ. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ, ದಾರಿ ತಪ್ಪುವ ಭಯವೇ ಇಲ್ಲ. ನಾವು ಸಮುದ್ರದ ಕಡೆ ಹೋಗದೆ ಎಡಕ್ಕೆ, ಕಾಲುವೆಯ ಕಡೆ ತಿರುಗಿದೆವು. ಮೊದಲು ಒಂದು ಕಾಫಿ. ಇಲ್ಲಿನ ಕಾಪುಚ್ಚಿನೊ ಅಪ್ಪನಿಗೆ ಉಗುರುಬೆಚ್ಚಗೆ ಅನ್ನಿಸುತ್ತದೆ. "ಬೊಲ್ಲೆಂತೆ" ಅಂತ ಕೇಳಿದರೆ ಕುದಿ ಹಾಲು ಹಾಕಿಕೊಡುತ್ತಾರೆ, ಹಿರಿಯರನ್ನು ಕರೆತರುವವರು ಈ ಪದ ಕಲಿತುಕೊಳ್ಳಿ. ಕೌಂಟರಿನ ಪಕ್ಕ ನಿಂತೇ ಕುಡಿದೆವು. ಅಕ್ಕಪಕ್ಕ ಎಲ್ಲ ನೀಲಿ, ಬೂದು ಬಣ್ಣದ ಕೆಲಸದ ಬಟ್ಟೆಯವರು. ಒಬ್ಬನ ತೋಳಿನ ಮೇಲೆ ಬಿಳಿ ಪುಡಿ, ಇನ್ನೊಬ್ಬನ ಕಿವಿಯ ಮೇಲೆ ಪೆನ್ಸಿಲ್. ಅಪ್ಪ ಆ ಪೆನ್ಸಿಲ್ ನೋಡಿ ನನ್ನ ಮುಖ ನೋಡಿದರು. ಚಪ್ಪಟೆ ಪೆನ್ಸಿಲ್. ಬಡಗಿಯದು.

ಬುರ್ಲಾಮಾಕ್ಕಾ ಕಾಲುವೆ ಈ ಊರಿನ ಬೆನ್ನೆಲುಬು. ಮಸ್ಸಾಚುಕ್ಕೊಲಿ ಕೆರೆಯಿಂದ ಹೊರಟು ಊರೊಳಗೆ ಹಾದು ಸಮುದ್ರ ಸೇರುತ್ತದೆ. ಒಳನಾಡಿನ ಲುಕ್ಕಾ ರಾಜ್ಯಕ್ಕೆ ಸಮುದ್ರ ಮುಟ್ಟಲು ಇದ್ದ ದಾರಿ ಇದೇ. ಅದನ್ನು ಕಾಯಲು 16ನೇ ಶತಮಾನದಲ್ಲಿ ಕಟ್ಟಿದ ಮತಿಲ್ದೆ ಗೋಪುರ ಈಗಲೂ ಕಾಲುವೆಯ ಪಕ್ಕ ದಪ್ಪಗೆ ನಿಂತಿದೆ. ಆದರೆ ಆಗ ಇಲ್ಲಿ ಊರು ಅಂತ ಹೇಳುವಂಥದ್ದು ಇರಲಿಲ್ಲ. ಸುತ್ತ ಜೌಗು, ಸೊಳ್ಳೆ, ಮಲೇರಿಯಾ. ಸಮುದ್ರದ ಉಪ್ಪುನೀರು ಕಾಲುವೆಯಲ್ಲಿ ಹಿಂದಕ್ಕೆ ನುಗ್ಗಿ ಕೆರೆಯ ಸಿಹಿನೀರಿಗೆ ಬೆರೆಯುತ್ತಿತ್ತು. ಬೆರಕೆ ನೀರಿರುವ ಕಡೆಯೇ ಜ್ವರ ಜಾಸ್ತಿ ಅಂತ ಜನ ಗಮನಿಸಿದ್ದರು. ಬೆರ್ನಾರ್ದಿನೊ ಜೆಂದ್ರಿನಿ ಅನ್ನುವ ಎಂಜಿನಿಯರ್ 1741ರಲ್ಲಿ ಕಾಲುವೆಗೆ ತೂಬಿನ ಬಾಗಿಲು ಹಾಕಿಸಿದ. ಅಲೆ ಉಬ್ಬಿ ಬಂದಾಗ ನೀರೇ ತಳ್ಳಿ ಮುಚ್ಚುವ ಬಾಗಿಲು. ಕೆಲವೇ ವರ್ಷಗಳಲ್ಲಿ ಜ್ವರ ಇಳಿಯಿತು, ಜನ ಬಂದು ನೆಲೆಸಿದರು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಅಂತ ಲೋಕಕ್ಕೆ ತಿಳಿಯುವುದಕ್ಕೆ ಇನ್ನೂ ನೂರೈವತ್ತು ವರ್ಷ ಇತ್ತು! ಈ ಕಥೆ ಹೇಳಿದಾಗ ಅಪ್ಪ ತುಂಬ ಹೊತ್ತು ಯೋಚನೆ ಮಾಡಿ, "ಬಾಗಿಲು ಮರದ್ದಾ?" ಅಂತ ಕೇಳಿದರು.

ಮುಂದಿನ ಶತಮಾನದಲ್ಲಿ, ಲುಕ್ಕಾವನ್ನು ಆಳುತ್ತಿದ್ದ ಡಚೆಸ್ ಮರಿಯಾ ಲುಯಿಜಾ 1820ರಲ್ಲಿ ವಿಯಾರೆಜ್ಜೊಗೆ ನಗರದ ಪಟ್ಟ ಕೊಟ್ಟಳು. ಹಡಗು ನಿಲ್ಲಲು ಮೊದಲ ಕೊಳ ತೋಡಿಸಿದವಳೂ ಅವಳೇ. ಆ ಕೊಳಕ್ಕೆ ದಾರ್ಸೆನಾ ಅನ್ನುತ್ತಾರೆ. ಈಗ ಕಾಲುವೆಯ ಆಚೆ ಒಂದಾದ ಮೇಲೊಂದು ದಾರ್ಸೆನಾಗಳಿವೆ: ಲುಕ್ಕಾ, ತೊಸ್ಕಾನಾ, ಇತಾಲಿಯಾ, ಯುರೋಪಾ. ಅವುಗಳ ನಡುವಿನ ಇಡೀ ಬಡಾವಣೆಗೂ ದಾರ್ಸೆನಾ ಅಂತಲೇ ಹೆಸರು. ನಾವು ಹೋಗಬೇಕಾಗಿದ್ದದ್ದು ಅಲ್ಲಿಗೆ.

ಸೇತುವೆ ದಾಟುತ್ತಿದ್ದ ಹಾಗೆ ವಾಸನೆ ಬದಲಾಗುತ್ತದೆ. ರಾಳ, ಥಿನ್ನರ್, ಡೀಸೆಲ್, ಉಪ್ಪು. ಗ್ರೈಂಡರ್ ಸದ್ದು. ರಸ್ತೆಯ ಒಂದು ಪಕ್ಕ ದೊಡ್ಡ ದೊಡ್ಡ ಶೆಡ್ಡುಗಳು, ಇನ್ನೊಂದು ಪಕ್ಕ ಹಗ್ಗ, ಬಣ್ಣ, ನಟ್ಟು ಬೋಲ್ಟು ಮಾರುವ ಅಂಗಡಿಗಳು. ವಿಯಾ ಕೊಪ್ಪಿನೊ ಅನ್ನುವ ರಸ್ತೆಯಲ್ಲಿ ನಡೆದರೆ ಶೆಡ್ಡಿನ ಬಾಗಿಲು ತೆರೆದಿದ್ದಾಗ ಒಳಗೆ ಹಡಗಿನ ಹೊಟ್ಟೆ ಕಾಣುತ್ತದೆ. ನೀರಲ್ಲಿರುವಾಗ ಮೂರು ಮಹಡಿ ಕಾಣುವ ಯಾಟು ನೆಲದ ಮೇಲೆ ಐದಾರು ಮಹಡಿ ಎತ್ತರ. ಒಳಗೆ ಬಿಡುವುದಿಲ್ಲ, ಅದು ಸರಿಯೇ, ಕೆಲಸದ ಜಾಗ. ಆದರೆ ರಸ್ತೆಯಿಂದ, ದಕ್ಕೆಯಿಂದ ನೋಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಟಿಕೆಟೂ ಇಲ್ಲ.

ಇಲ್ಲಿನ ಹಳೆಯ ಕಾರ್ಖಾನೆಗಳಲ್ಲಿ ಒಂದು ಬೆನೆತ್ತಿ. ಲೊರೆಂಜೊ ಬೆನೆತ್ತಿ 1873ರಲ್ಲಿ ಶುರು ಮಾಡಿದಾಗ ಕಟ್ಟುತ್ತಿದ್ದದ್ದು ಸರಕು ಸಾಗಿಸುವ ಮರದ ಹಾಯಿ ಹಡಗು. ಎಂಜಿನ್ ಬಂದು ಹಾಯಿ ಹಡಗಿನ ಕಾಲ ಮುಗಿದ ಮೇಲೆ ಈ ಊರು ಸುಮ್ಮನೆ ಕೂರಲಿಲ್ಲ, ಅದೇ ಕೈಗಳು ಯಾಟ್ ಕಡೆ ತಿರುಗಿದವು. 1980ರಲ್ಲಿ ಅರಬ್ ವ್ಯಾಪಾರಿ ಅದ್ನಾನ್ ಖಶೋಗಿಗೆ 86 ಮೀಟರ್ ಉದ್ದದ ನಬೀಲಾ ಅನ್ನುವ ಯಾಟ್ ಕಟ್ಟಿಕೊಟ್ಟರು. ಆ ಕಾಲಕ್ಕೆ ಲೋಕವೇ ಬಾಯಿ ಬಿಟ್ಟು ನೋಡಿದ ಹಡಗು. ಆದರೆ ಅದನ್ನು ಕಟ್ಟುವ ಭಾರಕ್ಕೆ ಕಾರ್ಖಾನೆ ನೆಲ ಕಚ್ಚಿತು. 1985ರಲ್ಲಿ ಅಜಿಮುತ್ ಕಂಪನಿ ಕೊಂಡುಕೊಂಡ ಮೇಲೆ ಮತ್ತೆ ಎದ್ದಿತು. ಇನ್ನೊಂದು ಹೆಸರು ಪೆರಿನಿ ನಾವಿ. ಫಾಬಿಯೊ ಪೆರಿನಿ ಲುಕ್ಕಾ ಕಡೆಯವರು, ಕಾಗದ ಸುತ್ತುವ ಯಂತ್ರ ತಯಾರಿಸಿ ದೊಡ್ಡವರಾದವರು. ದೊಡ್ಡ ಹಾಯಿ ಹಡಗಿಗೆ ಇಷ್ಟೊಂದು ಆಳು ಯಾಕೆ ಬೇಕು ಅಂತ ಯೋಚಿಸಿ, ಹಾಯಿಯ ಹಗ್ಗಗಳನ್ನು ಮೋಟಾರ್ ರಾಟೆಗಳೇ ಸುತ್ತಿಕೊಳ್ಳುವ ಹಾಗೆ ಮಾಡಿದರು. ಕಾಗದದ ಸುರುಳಿಯಲ್ಲಿ ಕಲಿತದ್ದು ಹಾಯಿಗೆ ಬಂತು.

ದಕ್ಕೆಯ ಉದ್ದಕ್ಕೂ ಯಾಟ್‌ಗಳ ಹಿಂಭಾಗ ನಮ್ಮ ಕಡೆಗೇ ಇರುತ್ತದೆ. ಹೆಸರಿನ ಕೆಳಗೆ ಊರಿನ ಹೆಸರು. ಜಾರ್ಜ್ ಟೌನ್, ವಲ್ಲೆತ್ತಾ, ಡಗ್ಲಸ್. ಅದು ನೋಂದಣಿಯಾದ ಬಂದರು. ಕೇಮನ್ ದ್ವೀಪ, ಮಾಲ್ಟಾ, ಐಲ್ ಆಫ್ ಮ್ಯಾನ್. ಹಡಗು ಹುಟ್ಟಿದ್ದು ಇಲ್ಲೇ ಆದರೂ ವಿಯಾರೆಜ್ಜೊ ಅಂತ ಬರೆದದ್ದು ಅಪರೂಪ. ಅದು ನನಗೆ ಪ್ರತಿ ಸಲ ಬೇಜಾರು ತರಿಸುತ್ತದೆ.

ಒಂದು ಯಾಟಿನ ಮುಂದೆ ಅಪ್ಪ ನಿಂತುಬಿಟ್ಟರು. ದಕ್ಕೆಗೆ ಚಾಚಿದ ಹಲಗೆಯ ಬುಡದಲ್ಲಿ ಒಂದು ಬೆತ್ತದ ಬುಟ್ಟಿ, ಅದರ ತುಂಬ ಚಪ್ಪಲಿ, ಬೂಟು. ಹತ್ತುವವರು ಪಾದರಕ್ಷೆ ಕೆಳಗೇ ಬಿಡಬೇಕು. ಡೆಕ್ಕಿನ ಮರಕ್ಕೆ ಗೀರು ಬೀಳಬಾರದು, ಕಲ್ಲುಪುಡಿ ಸಿಕ್ಕಿಕೊಳ್ಳಬಾರದು ಅಂತ. ಒಡೆಯನಾದರೂ ಅಷ್ಟೆ, ಅತಿಥಿಯಾದರೂ ಅಷ್ಟೆ. ಅಪ್ಪನ ಮುಖದಲ್ಲಿ ಆದ ಸಂತೋಷ ಹೇಳತೀರದು. "ನೋಡು, ಮರಕ್ಕೆ ಮರ್ಯಾದೆ ಕೊಡ್ತಾರೆ" ಅಂದರು.

ಡೆಕ್ ತೇಗದ್ದು. ದೂರದಿಂದ ನೋಡಿದರೆ ಸುಮ್ನೆ ಪಟ್ಟೆ ಪಟ್ಟೆ ನೆಲ. ಅಪ್ಪ ತೋರಿಸುತ್ತಾ ಹೋದ ಮೇಲೆ ನನಗೆ ಕಾಣಲು ಶುರುವಾಯಿತು. ಎರಡು ಬೆರಳಿಗಿಂತ ಸ್ವಲ್ಪ ಅಗಲದ ಪಟ್ಟಿಗಳು. ಪಟ್ಟಿ ಪಟ್ಟಿಯ ನಡುವೆ ಕಪ್ಪು ಗೆರೆ, ನೀರು ಇಳಿಯದ ಹಾಗೆ ತುಂಬಿದ ರಬ್ಬರಿನಂಥ ಅಂಟು. ಪಟ್ಟಿಗಳು ನೇರ ಇರಲಿಲ್ಲ, ಹಡಗಿನ ಪಕ್ಕೆ ಬಾಗಿದ ಹಾಗೇ ಬಾಗಿದ್ದವು. ನಡುವೆ ಒಂದು ಅಗಲ ಹಲಗೆ ಉದ್ದಕ್ಕೆ ಹೋಗಿತ್ತು. ಬಾಗಿ ಬಂದ ಪ್ರತಿ ಪಟ್ಟಿಯೂ ಆ ಹಲಗೆಯನ್ನು ಓರೆಯಾಗಿ ಮುಟ್ಟಬೇಕು. ಓರೆಯಾಗಿ ಕತ್ತರಿಸಿದರೆ ತುದಿ ಸೂಜಿಯಷ್ಟು ಚೂಪಾಗುತ್ತದೆ. ಚೂಪಾದ ಮರ ಮೊದಲು ಕೊಳೆಯುತ್ತದೆ, ಸೀಳುತ್ತದೆ. ಅದಕ್ಕೆ ತುದಿಯನ್ನು ಮೊಂಡು ಮಾಡಿ, ಅಷ್ಟೇ ಅಳತೆಯ ಕಚ್ಚನ್ನು ನಡು ಹಲಗೆಯಲ್ಲಿ ಕೊರೆದು ಕೂರಿಸಿದ್ದರು. ಎಡಕ್ಕೊಂದು, ಬಲಕ್ಕೊಂದು, ಮೆಟ್ಟಿಲು ಮೆಟ್ಟಿಲಾಗಿ. ಅಪ್ಪ ಗಾಳಿಯಲ್ಲೇ ಬೆರಳಾಡಿಸಿ ಆ ಕಚ್ಚುಗಳನ್ನು ಎಣಿಸುತ್ತಿದ್ದರು. "ಒಂದು ತಪ್ಪಿದ್ರೆ ಇಡೀ ಸಾಲು ತಪ್ಪುತ್ತೆ. ಇದನ್ನ ಮಾಡಿದವನು ಅವಸರದವನಲ್ಲ."

ಅಷ್ಟರಲ್ಲಿ ಒಬ್ಬ ಹುಡುಗ ಬಕೆಟ್ಟು, ಬ್ರಷ್ಷು ತಂದು ಡೆಕ್ ತೊಳೆಯಲು ಶುರು ಮಾಡಿದ. ಪಟ್ಟಿಯ ಉದ್ದಕ್ಕೆ ಉಜ್ಜಲಿಲ್ಲ, ಅಡ್ಡಡ್ಡ ಉಜ್ಜಿದ. ಅಪ್ಪ ನನ್ನ ಕೈಯಲ್ಲಿ ಕೇಳಿಸಿದರು, ಯಾಕೆ ಹಾಗೆ ಅಂತ. ಹುಡುಗ ಬ್ರಷ್ ಎತ್ತಿ, ನಗುತ್ತಾ ವಿವರಿಸಿದ. ನಾರಿನ ಉದ್ದಕ್ಕೆ ಉಜ್ಜಿದರೆ ನಡುವಿನ ಮೆತ್ತನೆ ಭಾಗ ಕಿತ್ತು ಬಂದು ಗಟ್ಟಿ ಗೆರೆಗಳು ಮೇಲೇಳುತ್ತವೆ, ಡೆಕ್ ಬೇಗ ಸವೆಯುತ್ತದೆ. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪ ತಲೆ ಆಡಿಸುತ್ತಿದ್ದರು. ಅವನ ಕೈಸನ್ನೆಯಲ್ಲೇ ಅರ್ಥವಾಗಿತ್ತು. ಆಮೇಲೆ ಇಬ್ಬರೂ ಐದು ನಿಮಿಷ ಮಾತಾಡಿದರು, ಅವನು ಇಟಾಲಿಯನ್‌ನಲ್ಲಿ, ಅಪ್ಪ ಕನ್ನಡದಲ್ಲಿ, ನಡುವೆ ನಾನು ಅನುವಾದಕ್ಕೆ ಬೇಕಾಗಲೇ ಇಲ್ಲ. ಅಪ್ಪ ತಮ್ಮ ಅಂಗೈ ತೋರಿಸಿದರು. ಅವನೂ ತೋರಿಸಿದ.

ಈ ತೇಗದ ಬಗ್ಗೆ ಅಪ್ಪನಿಗೆ ಒಂದು ವಿಷಯ ಹೇಳಬೇಕಾಗಿತ್ತು. ಯಾಟ್ ಲೋಕದಲ್ಲಿ ಶ್ರೇಷ್ಠ ಅಂದರೆ ಬರ್ಮಾ ತೇಗ. ಎಣ್ಣೆಯಂಶ ಜಾಸ್ತಿ, ಉಪ್ಪುನೀರಿಗೆ ಜಗ್ಗುವುದಿಲ್ಲ. ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ, 2021ರ ಜೂನಿನಲ್ಲಿ ಯುರೋಪಿಯನ್ ಒಕ್ಕೂಟ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹಾಕಿತು. ಮರ ಮಾರಿದ ದುಡ್ಡು ಸೇನೆಗೆ ಹೋಗುತ್ತದೆ ಅಂತ. ಈಗ ನೆಡುತೋಪಿನ ತೇಗ, ಬೇರೆ ಮರಗಳನ್ನು ಸಂಸ್ಕರಿಸಿ ಮಾಡಿದ ಹಲಗೆ, ತೇಗದ ಹಾಗೆ ಕಾಣುವ ಪ್ಲಾಸ್ಟಿಕ್, ಹೀಗೆ ಏನೇನೋ ಬರುತ್ತಿವೆ. ಪ್ಲಾಸ್ಟಿಕ್ ಅಂದಾಗ ಅಪ್ಪ ಮುಖ ಸಿಂಡರಿಸಿದರು. ಆದರೆ ಸ್ವಲ್ಪ ಹೊತ್ತಾದ ಮೇಲೆ, "ನೂರು ವರ್ಷದ ಮರ ಕಡಿದು ಹತ್ತಿಪ್ಪತ್ತು ವರ್ಷ ತುಳಿಯೋದು ಅಂದ್ರೆ ಅದೂ ಸರಿಯಲ್ಲ ಬಿಡು" ಅಂದರು. ತೇಗದಲ್ಲೇ ಬದುಕು ಕಟ್ಟಿಕೊಂಡವರ ಬಾಯಲ್ಲಿ ಈ ಮಾತು ಕೇಳಿ ನನಗೆ ತುಂಬ ಹೆಮ್ಮೆಯಾಯಿತು.

ಹಳೆಯ ಮರದ ಹಡಗಿನ ಕಾಲದಲ್ಲಿ ಇಲ್ಲಿ ಎರಡು ಕಸುಬು ದೊಡ್ಡವು. ಒಂದು ಹಡಗಿನ ಬಡಗಿ, ಬಾಚಿ ಹಿಡಿದು ಹಡಗಿನ ಪಕ್ಕೆಲುಬು ಕೆತ್ತುವವನು. ಇಟಲಿಯಲ್ಲಿ ಇವತ್ತಿಗೂ ಅದಕ್ಕೆ ಪರೀಕ್ಷೆ ಇದೆ, ಪಾಸಾದವರ ಹೆಸರು ಬಂದರು ಕಚೇರಿಯ ಪಟ್ಟಿಗೆ ಸೇರುತ್ತದೆ. ಇನ್ನೊಂದು ಕಲಫಾತೊ. ಹಲಗೆಗಳ ಸಂದಿಗೆ ಸೆಣಬಿನ ನಾರು ಇಟ್ಟು, ಅಗಲ ಬಾಯಿಯ ಉಳಿ, ಮರದ ಸುತ್ತಿಗೆಯಿಂದ ಬಡಿದು ತುರುಕಿ, ಮೇಲೆ ಟಾರಿನಂಥ ಬಿಸಿ ಕೀಲು ಹೊಯ್ಯುವವನು. ನಾರು ಒದ್ದೆಯಾದರೆ ಉಬ್ಬುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ. ಈಗ ಹೊಸ ಯಾಟ್‌ಗಳ ಒಡಲು ಫೈಬರ್, ಅಲ್ಯೂಮಿನಿಯಂ, ಉಕ್ಕು. ಮರ ಉಳಿದಿರುವುದು ಡೆಕ್ಕಿನಲ್ಲಿ, ಕೈ ಹಿಡಿಯುವ ಕಂಬಿಯಲ್ಲಿ, ಒಳಗಿನ ಕೋಣೆಗಳಲ್ಲಿ. ಆದರೂ ಒಂದು ಶೆಡ್ಡಿನ ಹಿಂದೆ ಹಳೇ ಹಾಯಿ ದೋಣಿಯೊಂದನ್ನು ಕಂಬದ ಮೇಲೆ ನಿಲ್ಲಿಸಿ ಹಲಗೆ ಬದಲಿಸುತ್ತಿದ್ದರು. ಅಪ್ಪ ಬೇಲಿ ಹಿಡಿದು ನಿಂತರು. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಯಾವ ಅವಸರವೂ ಇರಲಿಲ್ಲ.

ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಗ್ರೈಂಡರುಗಳು ನಿಂತವು, ಬೀದಿ ತುಂಬ ಕೆಲಸಗಾರರು. ಅಪ್ಪ ಸಸ್ಯಾಹಾರಿ. ಮೀನಿನ ಊರಲ್ಲಿ ಏನು ತಿನ್ನಿಸಲಿ ಅನ್ನುವ ಚಿಂತೆ ಇರಲಿಲ್ಲ, ಯಾಕೆಂದರೆ ಇಲ್ಲಿ ಚೆಚಿನಾ ಇದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಷ್ಟೇ. ತೆಳ್ಳಗೆ ಕದಡಿ ಕೆಲವು ಗಂಟೆ ನೆನೆಯಲು ಬಿಟ್ಟು, ಕಲಾಯಿ ಹಾಕಿದ ಅಗಲವಾದ ತಾಮ್ರದ ತಟ್ಟೆಗೆ ಹೊಯ್ದು, ಚೆನ್ನಾಗಿ ಕಾದ ಸೌದೆ ಒಲೆಗೆ ತಳ್ಳುತ್ತಾರೆ. ಮೇಲೆ ಕಂದು ಬಣ್ಣದ ಗರಿ ಪದರ, ಒಳಗೆ ಹಾಲಿನ ಕೆನೆಯಷ್ಟು ಮೆತ್ತಗೆ. ಕಾಳುಮೆಣಸಿನ ಪುಡಿ ಉದುರಿಸಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ರುಚಿ ಇಲ್ಲ. ಅಪ್ಪ ಎರಡು ಸಲ ಹಾಕಿಸಿಕೊಂಡರು. ದಾರ್ಸೆನಾದ ದಕ್ಕೆಯ ಕಲ್ಲುಕಟ್ಟೆಯ ಮೇಲೆ ಕೂತು ತಿಂದೆವು, ಎದುರಿಗೆ ಕೋಟಿಗಟ್ಟಲೆ ಬೆಲೆಯ ಹಡಗುಗಳು, ಪಕ್ಕದಲ್ಲಿ ಅವನ್ನು ಕಟ್ಟುವವರು ಬ್ರೆಡ್ಡು ಕಚ್ಚುತ್ತಾ.

ಊಟ ಆದ ಮೇಲೆ ಕಾಲುವೆಯ ಈಚೆ ಬಂದೆವು. ಇಲ್ಲಿ ಮರಿನೆರಿಯಾ ಅನ್ನುವ ಪುಟ್ಟ ಮ್ಯೂಸಿಯಂ ಇದೆ, ಹಡಗಿನವರ ಮ್ಯೂಸಿಯಂ. ಅದಕ್ಕೆ ಅಲ್ಬೆರ್ತೊ ಜಾನ್ನಿ ಅನ್ನುವ ಮುಳುಗುಗಾರನ ಹೆಸರಿಟ್ಟಿದ್ದಾರೆ. ಇವನ ಕಥೆ ನಮ್ಮವರಿಗೆ ಗೊತ್ತಿರಲೇಬೇಕು, ಯಾಕೆಂದರೆ ಅದು ಬೊಂಬಾಯಿಗೆ ಹೊರಟ ಹಡಗಿನಿಂದ ಶುರುವಾಗುತ್ತದೆ. 1922ರ ಮೇ 20ರಂದು ಲಂಡನ್ ಕಡೆಯಿಂದ ಬೊಂಬಾಯಿಗೆ ಬರುತ್ತಿದ್ದ ಈಜಿಪ್ಟ್ ಅನ್ನುವ ಹಡಗು ಫ್ರಾನ್ಸಿನ ಪಶ್ಚಿಮ ತುದಿಯ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಒಳಗೆ ಟನ್‌ಗಟ್ಟಲೆ ಚಿನ್ನ, ಬೆಳ್ಳಿ. ಆಗಿನ ಬೆಲೆಯಲ್ಲಿ ಹತ್ತು ಲಕ್ಷ ಪೌಂಡಿಗೂ ಮೇಲೆ. ಆಳ ನೂರಿಪ್ಪತ್ತು ಮೀಟರಿನ ಆಸುಪಾಸು. ಆ ಕಾಲದ ಯಾವ ಮುಳುಗುಗಾರನೂ ಸಾಮಾನ್ಯ ಉಡುಪಿನಲ್ಲಿ ಅಷ್ಟು ಆಳದಲ್ಲಿ ಕೆಲಸ ಮಾಡಲಾರ.

ವಿಯಾರೆಜ್ಜೊದ ಮುಳುಗುಗಾರರು ಅರ್ತಿಲ್ಯೊ ಅನ್ನುವ ಹಡಗಿನಲ್ಲಿ ಆ ಕೆಲಸಕ್ಕೆ ಇಳಿದರು. ಅವರು ಬಳಸಿದ ಸಾಧನದ ಮಾದರಿ ಇಲ್ಲಿದೆ. ಒಬ್ಬ ಮನುಷ್ಯ ನಿಂತುಕೊಳ್ಳುವಷ್ಟು ಮಾತ್ರ ಜಾಗದ ದಪ್ಪ ಉಕ್ಕಿನ ಕೊಳವೆ, ಸುತ್ತ ದಪ್ಪ ಗಾಜಿನ ಕಿಟಕಿ, ಒಳಗೆ ಟೆಲಿಫೋನ್. ಅದರೊಳಗೆ ನಿಂತವನು ಕತ್ತಲ ತಳಕ್ಕೆ ಇಳಿದು, ಮೇಲಿನವರಿಗೆ ಫೋನಿನಲ್ಲಿ ಹೇಳಬೇಕು: ಇನ್ನೂ ಎಡಕ್ಕೆ, ಸ್ವಲ್ಪ ಕೆಳಕ್ಕೆ, ಹಿಡಿ, ಎತ್ತು. ಮೇಲಿನವರು ಕ್ರೇನಿನ ಉಕ್ಕಿನ ಪಂಜವನ್ನು ಹಾಗೇ ಆಡಿಸುತ್ತಾರೆ. 1930ರಲ್ಲಿ ಅವರು ಈಜಿಪ್ಟ್ ಬಿದ್ದ ಜಾಗ ಹುಡುಕಿಬಿಟ್ಟರು. ಚಳಿಗಾಲದ ಅಲೆ ಜೋರಾಗಿ ಕೆಲಸ ನಿಲ್ಲಿಸಿ, ಅಲ್ಲೇ ಕರಾವಳಿಯಲ್ಲಿ ಮುಳುಗಿದ್ದ ಮದ್ದುಗುಂಡಿನ ಹಡಗೊಂದನ್ನು ಒಡೆಯುವ ಕೆಲಸ ಹಿಡಿದರು. ಡಿಸೆಂಬರ್ 7ರಂದು ಆ ಮದ್ದು ಒಮ್ಮೆಲೇ ಸಿಡಿಯಿತು. ಅರ್ತಿಲ್ಯೊ ಮುಳುಗಿತು. ಜಾನ್ನಿ, ಅವನ ಜೊತೆಯ ಮುಳುಗುಗಾರರು, ಹಡಗಿನ ಹಲವರು ಸತ್ತರು. ಉಳಿದವರು ಇನ್ನೊಂದು ಹಡಗು ಹಿಡಿದು ಮತ್ತೆ ಹೋದರು. 1932ರ ಜೂನಿನಲ್ಲಿ ಚಿನ್ನದ ಗಟ್ಟಿಗಳು ಮೇಲೆ ಬಂದವು. ದಾರಿ ಕಂಡುಹಿಡಿದವನು ಅದನ್ನು ನೋಡಲಿಲ್ಲ. ಅಪ್ಪ ಆ ಉಕ್ಕಿನ ಕೊಳವೆಯ ಸುತ್ತ ಮೂರ್ನಾಲ್ಕು ಸುತ್ತು ಹಾಕಿ, "ಹೆಂಡತಿ ಮಕ್ಕಳಿದ್ರಾ ಅವನಿಗೆ?" ಅಂತ ಮೆಲ್ಲಗೆ ಕೇಳಿದರು. ಮ್ಯೂಸಿಯಂ ದಿನವಿಡೀ ತೆರೆದಿರುವುದಿಲ್ಲ, ವೇಳೆ ಮೊದಲೇ ನೋಡಿಕೊಂಡು ಹೋಗಿ.

ಅಲ್ಲಿಂದ ಸಮುದ್ರದ ಕಡೆ. ಬಂದರಿನ ಬಾಯಿಯ ಪಕ್ಕ ಉದ್ದಕ್ಕೆ ನೀರಿನೊಳಗೆ ಹೋಗುವ ಕಲ್ಲಿನ ಕಟ್ಟೆ ಇದೆ, ಮೊಲೊ ಅನ್ನುತ್ತಾರೆ. ಮೀನು ತಿನ್ನುವವರಾದರೆ ಬೆಳಿಗ್ಗೆಯೇ ಈ ಕಡೆ ಬನ್ನಿ, ದೋಣಿಯವರು ಹಿಡಿದು ತಂದ ಮೀನನ್ನು ಇಲ್ಲೇ ಮಾರುತ್ತಾರೆ. ನಾವು ಹೋದಾಗ ಬಲೆ ಹೊಲಿಯುವುದು ನಡೆದಿತ್ತು. ಬಂದರಿನ ಬಾಯಿಯಲ್ಲಿ ಮರಳು ತುಂಬಿಕೊಳ್ಳುವುದು ಇಲ್ಲಿನವರ ದೊಡ್ಡ ತಲೆನೋವು. ಅಲೆ ತಂದು ಹಾಕುವುದು, ಇವರು ತೆಗೆಸುವುದು, ಮುಗಿಯದ ಕೆಲಸ. ಆಳವಾದ ಯಾಟ್‌ಗಳು ಇದೇ ಬಾಯಲ್ಲಿ ಹಾದುಹೋಗಬೇಕಲ್ವಾ?

ಸಮುದ್ರಕ್ಕೆ ಸಮಾನಾಂತರವಾಗಿ ಮೂರು ಕಿಲೋಮೀಟರ್ ಹತ್ತಿರ ಹೋಗುವ ಪಾಸೆಜ್ಜಾತಾ ರಸ್ತೆ ವಿಯಾರೆಜ್ಜೊದ ಪ್ರಸಿದ್ಧ ಭಾಗ. ಇಲ್ಲಿನ ಅಂಗಡಿ, ಹೋಟೆಲುಗಳು ಮೊದಲು ಮರದವೇ ಆಗಿದ್ದವು. 1917ರ ಬೆಂಕಿಯಲ್ಲಿ ಹೆಚ್ಚುಕಮ್ಮಿ ಎಲ್ಲ ಸುಟ್ಟುಹೋದವು. ಆಮೇಲೆ ಸಿಮೆಂಟು, ಬಣ್ಣದ ಸೆರಾಮಿಕ್ ಹೆಂಚುಗಳಿಂದ ಕಟ್ಟಿದರು. ಗ್ರಾನ್ ಕಫೆ ಮರ್ಗೆರಿತಾದ ಎರಡು ಗುಮ್ಮಟ ನೋಡಿದರೆ ಯುರೋಪಿನದು ಅನ್ನಿಸುವುದಿಲ್ಲ. ಅದಕ್ಕೆ ಅಲಂಕಾರ ಮಾಡಿದ ಗಲಿಲೆಯೊ ಕಿನಿ ಮೊದಲು ಬ್ಯಾಂಕಾಕಿನಲ್ಲಿ ಸಯಾಮಿನ ರಾಜನ ಸಿಂಹಾಸನ ಭವನಕ್ಕೆ ಚಿತ್ರ ಬರೆದು ಬಂದಿದ್ದವನು. ಸಂಗೀತಗಾರ ಪುಚ್ಚಿನಿ ಇಲ್ಲಿ ಕಾಫಿಗೆ ಬರುತ್ತಿದ್ದರಂತೆ, ಅವರ ಕೊನೆಯ ವರ್ಷಗಳ ಮನೆ ಇದೇ ಊರಲ್ಲಿತ್ತು. ಬೆಂಕಿಯಿಂದ ಉಳಿದ ಒಂದೇ ಒಂದು ಮರದ ಅಂಗಡಿ ಇದೆ, ಮಾರ್ತಿನಿ ಅಂತ ಹೆಸರು. ಅಪ್ಪ ಅದರ ಕೆತ್ತನೆ ಮುಟ್ಟಿ ನೋಡಿದರು. ನನಗೆ ಪಾಸೆಜ್ಜಾತಾದ ಬಟ್ಟೆ ಅಂಗಡಿಗಳಲ್ಲಿ ಆಸಕ್ತಿ ಇಲ್ಲ, ಬೇಗ ಬೇಗ ದಾಟಿದೆವು.

ಅಲ್ಲಿಂದ ಒಳಗೆ ಸ್ವಲ್ಪ ನಡೆದರೆ ಮರಗಳ ನೆರಳಿನ ಒಂದು ಚೌಕ, ನಡುವೆ ಇಂಗ್ಲಿಷ್ ಕವಿ ಶೆಲ್ಲಿಯ ಪ್ರತಿಮೆ. 1822ರ ಜುಲೈ 8ರಂದು ಅವನು ಲಿವೊರ್ನೊದಿಂದ ಲೆರಿಚಿಗೆ ತನ್ನ ಹಾಯಿ ದೋಣಿಯಲ್ಲಿ ಹೊರಟಿದ್ದ. ಬಿರುಗಾಳಿ ಎದ್ದು ದೋಣಿ ಮುಳುಗಿತು. ಅವನಿಗೆ ಆಗ 29 ವರ್ಷ. ಹಲವು ದಿನದ ಮೇಲೆ ಹೆಣ ಇಲ್ಲಿನ ದಡಕ್ಕೆ ಬಂತು. ಸಮುದ್ರದಿಂದ ಬಂದದ್ದರಿಂದ ರೋಗ ಹರಡಬಾರದು ಅನ್ನುವ ಕಾನೂನು ಇತ್ತು, ಮೊದಲು ಮರಳಲ್ಲಿ ಸುಣ್ಣ ಹಾಕಿ ಹೂತರು. ಆಗಸ್ಟ್ 16ರಂದು ಗೆಳೆಯರು ಹೊರತೆಗೆದು ಅದೇ ದಡದಲ್ಲಿ ದಹನ ಮಾಡಿದರು. ಕವಿ ಬೈರನ್ ಕೂಡ ಇದ್ದ. ಚಿತೆಗೆ ದ್ರಾಕ್ಷಾರಸ, ಎಣ್ಣೆ, ಉಪ್ಪು, ಧೂಪ ಹಾಕಿದರು. ಕ್ರೈಸ್ತರ ನಾಡಿನಲ್ಲಿ ಕಡಲ ತೀರದಲ್ಲಿ ಸುಡುವುದು ಆಗ ಯಾರೂ ಕಂಡು ಕೇಳದ ಸಂಗತಿ. ಅಪ್ಪನಿಗೆ ಆ ಕವಿಯ ಹೆಸರು ಗೊತ್ತಿರಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. "ಅಸ್ಥಿ ಎಲ್ಲಿ?" ರೋಮಿನ ಸ್ಮಶಾನದಲ್ಲಿ ಅಂತ ಹೇಳಿದೆ. "ದೋಣಿ ಕಟ್ಟಿದ್ದು ಯಾರು?" ಜಿನೋವಾದಲ್ಲಿ ಕಟ್ಟಿಸಿದ್ದು, ಆಮೇಲೆ ವೇಗ ಬೇಕು ಅಂತ ಹಾಯಿಗಂಬ ಎತ್ತರಿಸಿ ಹಾಯಿ ಜಾಸ್ತಿ ಮಾಡಿಸಿದ್ದರು ಅಂದೆ. "ಹಾಗಾದ್ರೆ ಒಡಲಿಗೆ ಮೀರಿದ ಹಾಯಿ" ಅಂದರು. ಈ ಸಾವಿನ ಬಗ್ಗೆ ನಾನು ಬಹಳ ಓದಿದ್ದೇನೆ. ಹಲವು ವಿದ್ವಾಂಸರೂ ಸುತ್ತಿ ಬಳಸಿ ಹೇಳುವುದು ಅದನ್ನೇ.

ನಾಲ್ಕೂವರೆ ಹೊತ್ತಿಗೆ ಮರಳಿಗಿಳಿದೆವು. ಬೇಸಿಗೆಯಲ್ಲಿ ಈ ದಡದ ಬಹುಪಾಲು ಖಾಸಗಿ ಬಾನ್ಯೊಗಳ ಪಾಲು. ಸಾಲು ಸಾಲು ಛತ್ರಿ, ಕುರ್ಚಿ, ದಿನಕ್ಕೆ ಬಾಡಿಗೆ. ಈ ಪದ್ಧತಿ 1828ರಷ್ಟು ಹಳೆಯದು, ಆಗ ಗಂಡಸರಿಗೊಂದು, ಹೆಂಗಸರಿಗೊಂದು ಅಂತ ಎರಡು ಬೇರೆ ಬೇರೆ ಸ್ನಾನಕಟ್ಟೆಗಳಿದ್ದವು. ಅಕ್ಟೋಬರಿನಲ್ಲಿ ಛತ್ರಿಗಳನ್ನೆಲ್ಲ ಮಡಿಸಿ ಒಳಗಿಟ್ಟಿರುತ್ತಾರೆ, ದಡ ಎಲ್ಲರದ್ದು. ಬೇಸಿಗೆಯಲ್ಲೇ ಬರುವವರು, ಬಾಡಿಗೆ ಬೇಡ ಅನ್ನುವವರು ದಾರ್ಸೆನಾ ದಾಟಿ ದಕ್ಷಿಣಕ್ಕೆ ಹೋಗಿ. ಲೆಚ್ಚೊನಾ ಅನ್ನುವ ದಡ ಇದೆ, ಹಿಂದೆ ಮರಳುದಿಬ್ಬ, ಪೈನ್ ಕಾಡು, ಎಲ್ಲ ರಕ್ಷಿತ ಉದ್ಯಾನದ ಜಾಗ, ದುಡ್ಡು ಕೊಡಬೇಕಿಲ್ಲ. ಅಪ್ಪ ಪ್ಯಾಂಟು ಮಡಿಸಿಕೊಂಡು ಮೊಣಕಾಲಿನವರೆಗೆ ನೀರಿಗಿಳಿದು, ತಿರುಗಿ ನಿಂತು ಬೆಟ್ಟ ನೋಡುತ್ತಿದ್ದರು. ಸಮುದ್ರದಲ್ಲಿ ನಿಂತು ಅಮೃತಶಿಲೆಯ ಬೆಟ್ಟ ಕಾಣುವುದು ಈ ದಡದ ವಿಶೇಷ.

ಹೋಗುವವರಿಗೆ ಇನ್ನೆರಡು ಮಾತು. ಶನಿವಾರ ಭಾನುವಾರ ಬೇಡ, ಶೆಡ್ಡುಗಳು ಮುಚ್ಚಿರುತ್ತವೆ, ಊರಿನ ಜೀವವೇ ಕಾಣುವುದಿಲ್ಲ. ಆಗಸ್ಟಂತೂ ಬೇಡವೇ ಬೇಡ, ಇಡೀ ಇಟಲಿ ರಜೆಯಲ್ಲಿರುತ್ತದೆ. ಫೆಬ್ರವರಿಯಲ್ಲಿ ಹೋದರೆ ಕಾರ್ನಿವಲ್ ಸಿಗಬಹುದು. ಅದೂ 1873ರಲ್ಲೇ ಶುರುವಾದದ್ದು, ಮನೆಯಷ್ಟು ಎತ್ತರದ ಕಾಗದದ ಬೊಂಬೆಗಳ ಮೆರವಣಿಗೆ. ಮೊದಲ ಕಾಲದ ರಥಗಳನ್ನು ಕಟ್ಟಿಕೊಟ್ಟವರು ಇದೇ ಹಡಗಿನ ಬಡಗಿಗಳು, ಕಮ್ಮಾರರು. ಅಪ್ಪ ಅದನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ವೀಸಾ ಮುಗಿಯುವುದು ಜನವರಿಯಲ್ಲಿ. ಮುಂದಿನ ಸಲ ಅದಕ್ಕೆ ಸರಿಯಾಗಿ ಟಿಕೆಟ್ ಮಾಡಿಸಬೇಕು.